ತೆರಪು ಬಿಟ್ಟು ಮಾತಾಡು

ಪುಟ್ಟೀ,

ಹೋದ ಭಾನುವಾರ ಬೆಳಿಗ್ಗೆ ನಿನ್ನ ದನಿ ಕೇಳಿದೆ. ಮಳೆ ಹಿಡಿದು ಕೂತಿತ್ತು, ತೋಟಕ್ಕೆ ಇಳಿಯುವ ಹಾಗಿರಲಿಲ್ಲ. ಜಗಲಿಯ ಕಿಟಕಿಯಲ್ಲಿಟ್ಟ ಹ್ಯಾಂಡಿ ರೇಡಿಯೋದಲ್ಲಿ ಡಿಎಂಆರ್ ಎಂಬ ಡಿಜಿಟಲ್ ಪದ್ಧತಿಯ 404, ಅಂದರೆ ನಮ್ಮ ಇಂಡಿಯಾ ಟಾಕ್‌ಗ್ರೂಪ್, ಹಾಕಿಕೊಂಡು ಕಾಫಿ ಕುಡಿಯುತ್ತಿದ್ದೆ. 'ವಿಕ್ಟರ್ ಯೂನಿಫಾರ್ಮ್ ತ್ರೀ' ಎಂದು ಹುಡುಗಿಯೊಬ್ಬಳ ದನಿ ಬಂತು. ಹ್ಯಾಮ್ ರೇಡಿಯೋ ಲೈಸೆನ್ಸ್ ಕೈಗೆ ಬಂದು ಇನ್ನೂ ತಿಂಗಳಾಗಿಲ್ಲ, ಕಾಲ್‌ಸೈನ್ ಎಷ್ಟು ಸ್ಪಷ್ಟವಾಗಿ ಬಿಡಿಸಿ ಹೇಳುತ್ತಾಳೆ ಎಂದು ಹಿಗ್ಗಿದೆ. ಅಜ್ಜಿಯನ್ನೂ ಒಳಗಿನಿಂದ ಕೂಗಿ ಕರೆದು ಕೇಳಿಸಿದೆ. ಆದರೆ ನಿನ್ನನ್ನು ಕರೆಯಲಿಲ್ಲ, ಸುಮ್ಮನೆ ಕೇಳುತ್ತ ಕೂತೆ.

ಹತ್ತು ನಿಮಿಷ ಮಾತಾಡಿದೆ ನೀನು. ಆಚೆಯವರು ಗುಂಡಿ ಬಿಡುವುದೇ ತಡ, ನಿನ್ನದು ಒತ್ತಿಯಾಗಿರುತ್ತಿತ್ತು. ನಡುವೆ ಒಬ್ಬರು 'ಬ್ರೇಕ್' ಅನ್ನಲು ಎರಡು ಸಲ ನೋಡಿದರು. ಒಮ್ಮೆ 'ಬ್ರೇ' ಅನ್ನುವಷ್ಟು ಬಂತು, ಇನ್ನೊಮ್ಮೆ ಅದೂ ಇಲ್ಲ. ಅವರಿಗೆ ನಿನ್ನಿಂದ ಏನು ಬೇಕಿತ್ತೋ ನನಗೂ ಗೊತ್ತಾಗಲಿಲ್ಲ, ನಿನಗಂತೂ ಒಬ್ಬರು ಬಾಗಿಲು ತಟ್ಟಿದರೆಂಬುದೇ ತಿಳಿದಿರಲಿಕ್ಕಿಲ್ಲ. ಅದಕ್ಕೇ ಈ ಕಾಗದ.

ನಿನ್ನ ಕೈಯ ಗುಂಡಿ ಎಲ್ಲೆಲ್ಲಿಯ ಬಾಗಿಲು ತೆಗೆಯುತ್ತದೆ ಎಂದು ಒಮ್ಮೆ ನಿಧಾನವಾಗಿ ಯೋಚಿಸು. ನೀನು ಆಡಿದ ಮಾತನ್ನು ರೇಡಿಯೋದೊಳಗಿನ ವೊಕೋಡರ್ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಒಂದೊಂದನ್ನೂ ಒಂದು ಹಿಡಿ ಬಿಟ್‌ಗಳಾಗಿ ಹಿಂಡಿ ಗಾಳಿಗೆ ಬಿಡುತ್ತದೆ. ರಿಪೀಟರೋ ಮೇಜಿನ ಮೇಲಿನ ಪುಟ್ಟ ಹಾಟ್‌ಸ್ಪಾಟೋ ಅದನ್ನು ಹಿಡಿಯುತ್ತದೆ. ಅಲ್ಲಿಂದ ಅದು ಇಂಟರ್‌ನೆಟ್ ಹಾದು ದೂರದ ಸರ್ವರ್ ಮುಟ್ಟುತ್ತದೆ. ಆ ಟಾಕ್‌ಗ್ರೂಪ್ ಯಾರ್ಯಾರು ಹಾಕಿಕೊಂಡಿದ್ದಾರೋ ಅಷ್ಟೂ ಜನಕ್ಕೆ ಸರ್ವರ್ ಅದನ್ನು ನಕಲು ಮಾಡಿ ಹಂಚುತ್ತದೆ. ಆಗ ನೀನು ಕಂಡೇ ಇಲ್ಲದ ಊರುಗಳ ಗುಡ್ಡದ ತುದಿಯಲ್ಲಿ ಒಂದೊಂದು ಟ್ರಾನ್ಸ್‌ಮಿಟರ್ ಎದ್ದು ನಿನ್ನ ಮಾತು ಸಾರುತ್ತದೆ. ನೀನು ಗುಂಡಿ ಹಿಡಿದಿರುವಷ್ಟು ಹೊತ್ತು ಆ ಊರಿನವರ ರಿಪೀಟರ್ ನಿನ್ನದು. ನಿನ್ನ ಮುತ್ತಜ್ಜ ತೋಟಕ್ಕೆ ನೀರು ಬಿಡುವಾಗ ಮೊದಲು ಕಾಲುವೆಯ ಉದ್ದಕ್ಕೂ ನಡೆದು, ನೀರು ಯಾರ ಗದ್ದೆಗೆ ನುಗ್ಗುತ್ತದೆ ಎಂದು ನೋಡಿಕೊಂಡು ಬಂದೇ ಮಡೆ ತೆಗೆಯುತ್ತಿದ್ದರು. ಗುಂಡಿ ಒತ್ತುವಾಗ ನಿನಗೂ ಆ ನಡಿಗೆ ಮನಸ್ಸಿನಲ್ಲಿ ಒಮ್ಮೆ ಆಗಿರಬೇಕು.

ಇಷ್ಟು ದೂರ ಹೋಗಿ ಬರಲು ಹೊತ್ತು ಹಿಡಿಯುತ್ತದಲ್ಲ. ಅರ್ಧ ಸೆಕೆಂಡೋ, ಒಂದು ಸೆಕೆಂಡೋ, ಕೆಲವೊಮ್ಮೆ ಅದಕ್ಕೂ ಹೆಚ್ಚೋ. ಆಚೆಯವರು ಮುಗಿಸಿದ ಮೇಲೆ ಎರಡು ಉಸಿರಿನಷ್ಟು ತೆರಪು ಬಿಡು. ಗುಂಡಿ ಒತ್ತಿದ ಮೇಲೆ ಅರೆಕ್ಷಣ ತಡೆದು ಬಾಯಿ ತೆಗೆ, ಇಲ್ಲದಿದ್ದರೆ ನಿನ್ನ ಕಾಲ್‌ಸೈನಿನ ತಲೆಯೇ ಹಾರಿಹೋಗುತ್ತದೆ. ಹಳೆಯ ಎಫ್‌ಎಂ ರಿಪೀಟರ್‌ನಲ್ಲಿ ಇಬ್ಬರು ಒಟ್ಟಿಗೇ ಮಾತಾಡಿದರೆ ಕಿವಿಗೆ ಕಿರ್ರೆಂದು ಹೊಡೆಯುತ್ತಿತ್ತು, ತಪ್ಪಾಯಿತೆಂದು ಇಬ್ಬರಿಗೂ ತಿಳಿಯುತ್ತಿತ್ತು. ಡಿಜಿಟಲ್‌ನಲ್ಲಿ ಆ ಕಿರುಚಾಟ ಇಲ್ಲ. ಸರ್ವರ್ ಮೊದಲು ಬಂದವರನ್ನು ಒಳಗೆ ಬಿಟ್ಟು ಇನ್ನೊಬ್ಬರನ್ನು ಕೈಬಿಡುತ್ತದೆ, ಅಷ್ಟೆ. ಹೊರಗುಳಿದವರು ಗೋಡೆಗೆ ಮಾತಾಡುತ್ತಲೇ ಇರುತ್ತಾರೆ. ನೀನು ಬಿಟ್ಟ ತೆರಪಿನಲ್ಲಲ್ಲದೆ ಅವರಿಗೆ ಬೇರೆ ದಾರಿ ಇಲ್ಲ. ಆ ದಾರಿಯಲ್ಲಿ ಬರುವವರು ಬರೀ ನಮಸ್ಕಾರ ಹೇಳಲು ಬಂದವರೇ ಇರಬಹುದು, ಘಾಟಿಯಲ್ಲಿ ಅಪಘಾತ ಕಂಡು ನೆರವು ಕೇಳುವವರೂ ಇರಬಹುದು.

ನಾನೂ ಮೊದಮೊದಲು ಇದಕ್ಕೆಲ್ಲ ಮೂಗು ಮುರಿದವನೇ. 1997ರಲ್ಲಿ ಕೆನಡಾದ ಡೇವಿಡ್ ಕ್ಯಾಮರಾನ್ ಐಆರ್‌ಎಲ್‌ಪಿ ಕಟ್ಟಿ ರಿಪೀಟರ್‌ಗಳನ್ನು ಇಂಟರ್‌ನೆಟ್ಟಿನಲ್ಲಿ ಹೆಣೆದಾಗ, 2002ರಲ್ಲಿ ಅಮೆರಿಕದ ಜೊನಾಥನ್ ಟೇಲರ್ ಎಕೋಲಿಂಕ್ ತಂದಾಗ, 'ತಂತಿಯಲ್ಲಿ ಬಂದ ಮಾತು ರೇಡಿಯೋ ಹೇಗಾದೀತು' ಎಂದು ನಮ್ಮಲ್ಲಿ ಅನೇಕರು ವಾದ ಮಾಡಿದೆವು. ಆಮೇಲೆ ಊರಿಗೆ ಬಂದು ನೆಲೆಸಿದೆ. ನಮ್ಮ ಮನೆ ಇರುವುದು ಕಣಿವೆಯ ತಳದಲ್ಲಿ, ಮೂರು ಕಡೆ ಗುಡ್ಡ. ವಿಎಚ್‌ಎಫ್‌ನಲ್ಲಿ ಕೂಗಿದರೆ ನನ್ನ ಕೂಗು ಎದುರಿನ ಕಾಫಿ ತೋಟ ದಾಟದು. ಬೆಂಗಳೂರಿನಲ್ಲಿ ನನ್ನ ಹಳೆಯ ಗೆಳೆಯನೊಬ್ಬ ಮಗನ ಜೊತೆ ಅಪಾರ್ಟ್‌ಮೆಂಟ್ ಸೇರಿದ, ತಾರಸಿಯಲ್ಲಿ ಆಂಟೆನಾ ಕಟ್ಟಲು ಬಿಡಲಿಲ್ಲ. ನಲವತ್ತು ವರ್ಷ ದಿನಾ ಮಾತಾಡಿದ ಇಬ್ಬರು ಮೂಕರಾದೆವು. ನಿನ್ನ ಮಾವ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಹಾಟ್‌ಸ್ಪಾಟ್ ತಂದು ರೂಟರ್ ಪಕ್ಕ ಇಟ್ಟ ಸಂಜೆ ಆ ಗೆಳೆಯನ ದನಿ ಈ ಜಗಲಿಗೆ ಬಂತು. ಅಂದಿನಿಂದ ಆ ವಾದ ಬಿಟ್ಟೆ. ಆಚೆ ತುದಿಯಲ್ಲಿ ಒಬ್ಬ ಮನುಷ್ಯ, ಈಚೆ ತುದಿಯಲ್ಲಿ ಒಬ್ಬ, ಇಬ್ಬರ ಕೈಯಲ್ಲೂ ರೇಡಿಯೋ. ನನಗೆ ಅಷ್ಟು ಸಾಕು.

ಆದರೆ ಕಲಿಯಬೇಕಾದ್ದನ್ನು ಕಲಿತೇ ಇಳಿಯಬೇಕು. ನೀನು ಡಿ-ಸ್ಟಾರ್ ಸೆಟ್ ತೆಗೆದುಕೊಳ್ಳುತ್ತೇನೆ ಎಂದಿದ್ದೆ. ಅದು ಜಪಾನಿನ ಹ್ಯಾಮ್‌ಗಳ ಸಂಘವೇ ಹವ್ಯಾಸಿಗಳಿಗೆಂದು ಮಾಡಿಸಿದ ಪದ್ಧತಿ, ಅದರಲ್ಲಿ ಕಾಲ್‌ಸೈನೇ ವಿಳಾಸ. ನಿನ್ನ ಕರೆಯ ಜೊತೆ ನಾಲ್ಕು ವಿಳಾಸ ಹೋಗುತ್ತವೆ: ನಿನ್ನದು, ಯಾರಿಗೆಂಬುದು, ಹತ್ತಿರದ ರಿಪೀಟರಿನದು, ಅದರ ಗೇಟ್‌ವೇಯದು. ಒಂದೊಂದಕ್ಕೂ ಎಂಟೇ ಮನೆ. ಎಂಟನೆಯ ಮನೆಯ ಅಕ್ಷರ ಬಲು ಮುಖ್ಯ. 'ಯಾರಿಗೆ' ಎಂಬಲ್ಲಿ ಆರ್‌ಇಎಫ್030ಸಿಎಲ್ ಎಂದು ತುಂಬಿ ಒತ್ತಿದರೆ ನಿನ್ನ ರಿಪೀಟರ್ 30ನೇ ರಿಫ್ಲೆಕ್ಟರ್ ಎಂಬ ಸರ್ವರಿನ ಸಿ ಕೋಣೆಗೆ ಜೋಡಿಯಾಗುತ್ತದೆ. ಏಳು ಮನೆ ಖಾಲಿ ಬಿಟ್ಟು ಎಂಟನೆಯದರಲ್ಲಿ ಯು ಹಾಕಿದರೆ ಬಿಡಿಸಿಕೊಳ್ಳುತ್ತದೆ, ಇ ಹಾಕಿದರೆ ನಿನ್ನ ಮಾತನ್ನೇ ನಿನಗೆ ತಿರುಗಿ ಕೇಳಿಸುತ್ತದೆ. ಹೊಸಬರು ಮರೆಯುವುದು ಇದಾದ ಮೇಲಿನ ಹೆಜ್ಜೆ. ಜೋಡಿಸಿದ ಕೂಡಲೇ 'ಯಾರಿಗೆ' ಎಂಬ ಜಾಗಕ್ಕೆ ಮತ್ತೆ ಸಿಕ್ಯೂಸಿಕ್ಯೂಸಿಕ್ಯೂ ತರಬೇಕು. ತರದಿದ್ದರೆ ನೀನು ಪ್ರತಿ ಸಲ ಒತ್ತಿದಾಗಲೂ ಅದೇ ಆಜ್ಞೆ ಹೋಗುತ್ತಿರುತ್ತದೆ. ಊರಿನವರು ಮಾತಾಡುತ್ತಿರುವಾಗ ಕೇಳದೆ ರಿಪೀಟರನ್ನು ಇನ್ನೆಲ್ಲಿಗೋ ಜೋಡಿಸುವುದು ಕೂತವರ ಪಂಕ್ತಿಯಿಂದ ಎಲೆ ಎಳೆದ ಹಾಗೆ. ಮೊದಲು ಕೇಳು, ಒಪ್ಪಿಗೆ ತೆಗೆದುಕೋ, ಕೆಲಸ ಮುಗಿದ ಮೇಲೆ ಮೊದಲು ಹೇಗಿತ್ತೋ ಹಾಗೆ ಇಟ್ಟು ಎದ್ದು ಬಾ.

ಡಿಎಂಆರ್ ಹಾಗಲ್ಲ. ಅದು ಕಂಪನಿ, ಕಾರ್ಖಾನೆಗಳ ವಾಕಿಟಾಕಿಗೆಂದು ಯುರೋಪಿನಲ್ಲಿ ಹುಟ್ಟಿದ್ದು, ಹ್ಯಾಮ್‌ಗಳು ಆಮೇಲೆ ತಮ್ಮದು ಮಾಡಿಕೊಂಡರು. ಹನ್ನೆರಡೂವರೆ ಕಿಲೋಹರ್ಟ್ಸ್‌ನ ಒಂದೇ ಚಾನೆಲನ್ನು 30 ಮಿಲಿಸೆಕೆಂಡಿನಂತೆ ಎರಡು ಸ್ಲಾಟ್‌ಗಳಿಗೆ ಸರದಿಯಲ್ಲಿ ಹಂಚುತ್ತದೆ. ಹೀಗೆ ಒಂದು ರಿಪೀಟರಿನಲ್ಲಿ ಒಂದೇ ಹೊತ್ತಿಗೆ ಎರಡು ಮಾತುಕತೆ ನಡೆಯುತ್ತವೆ. ಬ್ರ್ಯಾಂಡ್‌ಮೈಸ್ಟರ್ ಜಾಲದಲ್ಲಿ 91 ಒತ್ತಿದರೆ ಇಡೀ ಜಗತ್ತು. ಅಲ್ಲಿ ಕರೆ, ಉತ್ತರ ಸಿಕ್ಕಿದ ಮೇಲೆ ಇಬ್ಬರೂ ಬೇರೆ ಗುಂಪಿಗೆ ಸರಿಯಿರಿ. ಹಾಸನದಿಂದ ಹೋದ ಹುಡುಗನೊಬ್ಬ ಅಮೆರಿಕದಲ್ಲಿ ಸಿಕ್ಕಿ ಕನ್ನಡ ಆಡಿದನೆಂದರೆ ಯಾರಿಗೆ ತಾನೇ ಬಿಡಲು ಮನಸ್ಸಾದೀತು! ಮನಸಾರೆ ಮಾತಾಡು, ಆದರೆ ನಿಮ್ಮಿಬ್ಬರ ಮಾತಿಗಾಗಿ ನೂರಾರು ರಿಪೀಟರ್ ಎದ್ದು ನಿಲ್ಲುವುದು ಬೇಡ. ಇನ್ನು ಮೈಕ್ ಹೇಗಿದೆ, ದನಿ ಜೋರಾಯಿತೇ ಎಂದು ನೋಡಲು 9990ಕ್ಕೆ ಪ್ರೈವೇಟ್ ಕಾಲ್ ಮಾಡು. ಅದು ಗಿಳಿ, ನೀನಂದದ್ದನ್ನೇ ಅನ್ನುತ್ತದೆ. 404ರಲ್ಲಿ ಬಂದು 'ಟೆಸ್ಟಿಂಗ್, ಟೆಸ್ಟಿಂಗ್' ಎನ್ನಬೇಡ.

ನನ್ನಿಂದ ಆದ ಒಂದು ತಪ್ಪು ಹೇಳುತ್ತೇನೆ. ನಿನ್ನ ಅಜ್ಜಿಯ ಆಪರೇಷನ್ ಆದ ವರ್ಷ, ಶಿವಮೊಗ್ಗದಿಂದ ರಿಪೋರ್ಟ್ ಹಿಡಿದುಕೊಂಡು ಬರುತ್ತಿದ್ದೆವು. ಕಾರಿನಲ್ಲಿ ಹಾಟ್‌ಸ್ಪಾಟ್, ಅದಕ್ಕೆ ಮೊಬೈಲಿನ ಇಂಟರ್‌ನೆಟ್. ಹ್ಯಾಂಡಿ ಸೀಟಿನ ಸಂದಿಗೆ ಜಾರಿ ಗುಂಡಿ ಒತ್ತಿಕೊಂಡಿತ್ತು. ಅಜ್ಜಿ ಹೆದರಿ ಅತ್ತಿದ್ದು, ನಾನು ಸಮಾಧಾನ ಹೇಳಿದ್ದು, ಡಾಕ್ಟರು ಏನಂದರೆಂಬುದು, ಎಲ್ಲವೂ ದೇಶದುದ್ದಕ್ಕೂ ಹೋಯಿತು. ಯಾರ ಸೆಟ್ ಎಂದು ಹುಡುಕುವುದೂ ಬೇಕಿರಲಿಲ್ಲ, ಡಿಎಂಆರ್‌ನಲ್ಲಿ ಐಡಿ ಸಂಖ್ಯೆ ಜೊತೆಯಲ್ಲೇ ಬರುತ್ತದೆ, ಪರದೆಯ ಮೇಲೆ ನನ್ನ ಕಾಲ್‌ಸೈನ್ ಕಾಣುತ್ತಿತ್ತು. ಕೊಯಮತ್ತೂರಿನ ಹ್ಯಾಮ್ ಒಬ್ಬರು ಫೋನು ಮಾಡಿ, 'ಸರ್, ನಿಮ್ಮ ಪಿಟಿಟಿ ಗುಂಡಿ ಸಿಕ್ಕಿಕೊಂಡಿದೆ ಅನ್ಸುತ್ತೆ' ಎಂದರು. ಏನು ಕೇಳಿಸಿತೆಂದು ಅವರು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಆ ದೊಡ್ಡತನ ನಾನು ಮರೆತಿಲ್ಲ. ಅಂದೇ ರಾತ್ರಿ ಸೆಟ್ಟಿನ ಟೈಮ್‌ಔಟ್ 180 ಸೆಕೆಂಡಿಗೆ ಇಟ್ಟೆ. ನೀನೂ ಇಡು. ಕೀಪ್ಯಾಡ್ ಲಾಕ್ ಮಾಡಿದರೂ ಬಹಳಷ್ಟು ಸೆಟ್‌ಗಳಲ್ಲಿ ಪಿಟಿಟಿ ಲಾಕ್ ಆಗುವುದಿಲ್ಲ, ಬ್ಯಾಗಿಗೆ ಹಾಕುವ ಮೊದಲು ಆಫ್ ಮಾಡಿಬಿಡು.

ಹಾಗೆಂದು ಗುಟ್ಟಿಗಾಗಿ ಮೆನುವಿನಲ್ಲಿರುವ ಪ್ರೈವಸಿ, ಎನ್‌ಕ್ರಿಪ್ಷನ್ ಮುಟ್ಟಬೇಡ. ಡಿಎಂಆರ್ ಸೆಟ್‌ಗಳು ಕಂಪನಿಗಳಿಗೆಂದು ಮಾಡಿದವಾದ್ದರಿಂದ ಆ ಸೌಲಭ್ಯ ಅವುಗಳಲ್ಲಿರುತ್ತದೆ. ಅರ್ಥ ಮರೆಮಾಚಿ ಮಾತಾಡುವುದು ಹವ್ಯಾಸಿಗಳಿಗೆ ಅಂತಾರಾಷ್ಟ್ರೀಯ ನಿಯಮದಲ್ಲೇ ಸಲ್ಲದು. ನಮ್ಮ ಮಾತು ಬಯಲಿನ ಮಾತು. ವ್ಯಾಪಾರದ ಮಾತೂ ಬೇಡ. ನಿನ್ನ ಹಾಸ್ಟೆಲಿನಲ್ಲಿ ಹಾಟ್‌ಸ್ಪಾಟ್ ಹಚ್ಚುವ ಮೊದಲು ಲೈಸೆನ್ಸಿನ ಷರತ್ತುಗಳನ್ನು ಒಂದೊಂದಾಗಿ ಓದು, ಸಂಶಯ ಬಂದರೆ ಲೈಸೆನ್ಸ್ ಕೊಡುವ ಡಬ್ಲ್ಯುಪಿಸಿಗೆ ಬರೆದು ಕೇಳು. ಲಾಗ್ ಪುಸ್ತಕವನ್ನು ಕೈಯಲ್ಲೇ ಬರೆ.

ಹಾಟ್‌ಸ್ಪಾಟಿನ ಫ್ರೀಕ್ವೆನ್ಸಿ ವಿಷಯದಲ್ಲಿ ನನ್ನದು ಹಟವೇ ಅಂದುಕೋ. ನಮಗೆ ಯುಎಚ್‌ಎಫ್‌ನಲ್ಲಿ ಇರುವುದು 434ರಿಂದ 438 ಮೆಗಾಹರ್ಟ್ಸ್. ಅದರಲ್ಲಿ 435ರ ಮೇಲಿನದು ಉಪಗ್ರಹಗಳ ದಾರಿ. ಹತ್ತು ಮಿಲಿವ್ಯಾಟ್ ತಾನೇ, ಯಾರಿಗೇನು ತೊಂದರೆ ಎಂದು ಅಲ್ಲಿ ಕೂರಬೇಡ. ಪಕ್ಕದ ಬೀದಿಯಲ್ಲಿ ಒಬ್ಬರು ಆಕಾಶಕ್ಕೆ ಆಂಟೆನಾ ಹಿಡಿದು ಪಿಸುದನಿಗೆ ಕಿವಿಗೊಟ್ಟಿರಬಹುದು. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6 ಹೊತ್ತೊಯ್ದ ಹ್ಯಾಮ್‌ಸ್ಯಾಟ್, ನಿಮ್ಮ ಬೆಂಗಳೂರಿನಲ್ಲೇ ಇಸ್ರೋ ಕಟ್ಟಿದ ಪುಟ್ಟ ಉಪಗ್ರಹ, ನಮ್ಮ ಕೂಗನ್ನು 435.22ರ ಆಸುಪಾಸಿನಲ್ಲೇ ಕೇಳಿಸಿಕೊಳ್ಳುತ್ತಿತ್ತು. ಅದರ ಒಂದು ಟ್ರಾನ್ಸ್‌ಪಾಂಡರ್ ನಮ್ಮದು, ಇನ್ನೊಂದು ನೆದರ್ಲೆಂಡ್ಸ್‌ನ ವಿದ್ಯಾರ್ಥಿಯೊಬ್ಬ ಮಾಡಿದ್ದು. 2014ರವರೆಗೆ ದುಡಿಯಿತು. ಅದು ತಲೆಯ ಮೇಲೆ ಹಾದುಹೋಗುವ ಹತ್ತು ಹದಿನೈದು ನಿಮಿಷಕ್ಕಾಗಿ ನಾನು ಅಂಗಳದಲ್ಲಿ ಕಾದು ನಿಂತದ್ದಿದೆ. ಹಾಟ್‌ಸ್ಪಾಟನ್ನು 434, 435ರ ನಡುವೆಯೇ ಇಡು, ಇಡುವ ಮೊದಲು ಎರಡು ದಿನ ಅಲ್ಲಿ ಯಾರೂ ಇಲ್ಲವೆಂದು ಕೇಳು.

ಸಿಗ್ನಲ್ ಬಗ್ಗೆ ಒಂದು ಮಾತು. ಎಫ್‌ಎಂನಲ್ಲಿ ದೂರ ಹೋದಂತೆ ಸುಯ್ಯೆನ್ನುವ ಸದ್ದು ಹೆಚ್ಚಿ ಮೊದಲೇ ಎಚ್ಚರಿಸುತ್ತದೆ. ಡಿಜಿಟಲ್ ಕೊನೆಯವರೆಗೂ ತಿಳಿಯಾಗಿದ್ದು, ಒಮ್ಮೆಲೇ ತಗಡು ಬಡಿದಂತಾಗಿ ಮಾಯವಾಗುತ್ತದೆ. ಬೇರೆಯವರ ದನಿ ನಿನಗೆ ಚೆನ್ನಾಗಿ ಕೇಳಿದರೆ ನಿನ್ನದೂ ಅವರಿಗೆ ಕೇಳುತ್ತದೆ ಎಂದು ತಿಳಿಯಬೇಡ. ಆಂಟೆನಾ ನೆಟ್ಟಗೆ ಹಿಡಿ, ಕಿಟಕಿಗೆ ಬಾ, ಕೇಳಿಸಿತೇ ಎಂದು ವಿಚಾರಿಸು.

ಇನ್ನು ನನಗೆ ಹೆಚ್ಚು ಕಳವಳ ಕೊಡುವ ವಿಷಯ. ಇಷ್ಟೆಲ್ಲ ಇಂಟರ್‌ನೆಟ್ ಇರುವವರೆಗೆ. ಮೊನ್ನೆ ಮಂಗಳವಾರ ಗಾಳಿಗೆ ಮಾವಿನ ಮರ ಬಿದ್ದು ಕೇಬಲ್ ಹರಿಯಿತು, ಕರೆಂಟೂ ಹೋಯಿತು, ಮರುದಿನ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯಿತು. ಕಿಟಕಿಯ ಮೇಲಿನ ಹ್ಯಾಂಡಿಯಲ್ಲಿ ಚಾರ್ಜ್ ತುಂಬಿತ್ತು, ಹಾಟ್‌ಸ್ಪಾಟಿಗೆ ಮಾತ್ರ ಜೀವ ಇರಲಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ಬೆಳಿಗ್ಗೆ ಪೋರ್ಟ್ ಬ್ಲೇರಿನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಅವರನ್ನು ನೆನೆ. ಹವ್ಯಾಸಕ್ಕೆಂದು ಅಂಡಮಾನಿಗೆ ಹೋಗಿದ್ದ ತಂಡ ಅವರದು. ಫೋನುಗಳು ಸತ್ತಾಗ ಅವರ ಎಚ್‌ಎಫ್ ರಿಗ್ಗು, ತಂತಿಯ ಆಂಟೆನಾ ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿದವು. ನಡುವೆ ಯಾವ ಸರ್ವರೂ ಇರಲಿಲ್ಲ, ಇದ್ದದ್ದು ಮಾತನ್ನು ನೆಲಕ್ಕೆ ಹಿಂದಿರುಗಿಸುವ ಅಯಾನುಗೋಳ ಮಾತ್ರ. ನೀನು ಪರೀಕ್ಷೆ ಕಟ್ಟುವಾಗ ಕಲಿತ ಆ ಅಯಾನುಗೋಳ ಪುಸ್ತಕದಲ್ಲೇ ಉಳಿಯಬಾರದು.

ಮೊನ್ನೆ ಕತ್ತಲಲ್ಲಿ ನಾನು ಹಳೆಯ ರಿಗ್ಗಿಗೆ ಕಾರಿನ ಬ್ಯಾಟರಿ ಕೊಟ್ಟು, ಬೆಳಿಗ್ಗೆ 7 ಮೆಗಾಹರ್ಟ್ಸ್‌ನಲ್ಲಿ ಕೂತೆ. ಬೆಂಗಳೂರು, ಧಾರವಾಡ, ಸೇಲಂ ಎಲ್ಲ ಬಂದವು. ನಿನ್ನನ್ನು ಕರೆಯಲು ಆಗಲಿಲ್ಲ, ನಿನ್ನಲ್ಲಿ ಆ ಬ್ಯಾಂಡಿನ ಸೆಟ್ಟೇ ಇಲ್ಲ. ಚೌತಿಗೆ ಬರುವಾಗ ಎರಡು ದಿನ ಹೆಚ್ಚು ರಜೆ ಹಾಕಿಕೊಂಡು ಬಾ. ಅಟ್ಟದ ಮೇಲೆ ಇನ್ನೊಂದು ರಿಗ್ಗಿದೆ, ಸರಿಮಾಡಿಸಿ ಇಟ್ಟಿದ್ದೇನೆ, ಅದು ನಿನ್ನದು. ತಾಮ್ರದ ತಂತಿ ಹತ್ತತ್ತು ಮೀಟರಿನ ಎರಡು ತುಂಡು ಅಳೆದಿಟ್ಟಿರುತ್ತೇನೆ, ಹಲಸಿನ ಮರಕ್ಕೂ ಕೊಟ್ಟಿಗೆಯ ಮಾಡಿಗೂ ಕಟ್ಟಿ ನೋಡೋಣ. ಬರುವಾಗ ಪೇಟೆಯಲ್ಲಿ ಒಳ್ಳೆಯ ನೈಲಾನ್ ಹಗ್ಗ ಮೂವತ್ತು ಮೀಟರ್ ತಾ, ಇಲ್ಲಿಯದು ಮಳೆಗೆ ಒಂದೇ ವರ್ಷ ಬಾಳುತ್ತದೆ.

ನಿನ್ನ ಅಜ್ಜ