ನಗರ ಯೋಜನೆ ಓದಲು ಹೊರಟ ಮಗಳಿಗೆ

ಸಿವಿಲ್ ಇಂಜಿನಿಯರಿಂಗ್ ಮುಗಿಸಿದ ನೀನು ಎಂ.ಪ್ಲ್ಯಾನ್ ಮಾಡುತ್ತೇನೆ ಅಂದಾಗ, ಇದ್ಯಾವ ಓದು ಅಂತ ನಿಮ್ಮಪ್ಪ ನನ್ನನ್ನೂ ಕೇಳಿದ. ಓದಲಿ ಬಿಡು, ನಮ್ಮ ಕಡೆಗೆ ಈಗ ಬೇಕಾಗಿರುವುದೇ ಈ ಓದು ಅಂತ ಹೇಳಿದ್ದೇನೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಬೆಂಗಳೂರಿನ ಕೈಗೆಟಕುವ ದೂರದ ಊರುಗಳು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರೂ ಬದಲಾಯಿತು. ಲೇಔಟಿನ ಕಲ್ಲು ನೆಡುವವರಿಗೆ ಇಲ್ಲಿ ಬರವಿಲ್ಲ. ಊರು ಹೇಗೆ ಬೆಳೆಯಬೇಕು ಅಂತ ಕೂತು ಲೆಕ್ಕ ಹಾಕುವವರದೇ ಬರ.

ದಿಲ್ಲಿಯ ಎಸ್‌ಪಿಎ ಸಿಕ್ಕರೆ ಹೋಗು, ಅಹಮದಾಬಾದಿನ ಸೆಪ್ಟ್ ಸಿಕ್ಕರೂ ಹೋಗು. ಸಿಗದಿದ್ದರೆ ಕುಗ್ಗಬೇಡ, ಮೈಸೂರು ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆಯಲ್ಲೂ ನಗರ ಮತ್ತು ಪ್ರಾದೇಶಿಕ ಯೋಜನೆ ಕಲಿಸುತ್ತಾರೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿರುವ ನಿನ್ನ ಗೆಳತಿಗೂ ಹೇಳು. ಭೂಗೋಳ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಓದಿದವರಿಗೂ ಎಷ್ಟೋ ಕಡೆ ಈ ಕೋರ್ಸಿಗೆ ಪ್ರವೇಶ ಇದೆ. ಇದು ಇಂಜಿನಿಯರುಗಳ ಸ್ವತ್ತಲ್ಲ.

ಕೋರ್ಸಿನಲ್ಲಿ ಮೊದಲು ಬಣ್ಣದ ನಕ್ಷೆ ಕೈಗೆ ಕೊಡುತ್ತಾರೆ. ವಾಸಕ್ಕೆ ಹಳದಿ, ಅಂಗಡಿ ಮುಂಗಟ್ಟಿಗೆ ನೀಲಿ, ಕಾರ್ಖಾನೆಗೆ ನೇರಳೆ. ಅದನ್ನು ಕಲಿತು ಬಂದಮೇಲೆ ಚನ್ನಪಟ್ಟಣದ ಬೊಂಬೆ ಮಾಡುವವರ ಮನೆಗೆ ಹೋಗಿ ಒಂದು ಗಂಟೆ ಕೂತ್ಕೊ. ಲೇತಿನಲ್ಲಿ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಕಾವಿಗೆ ಬಣ್ಣ ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಹಿಂದಿನ ಕೋಣೆಯಲ್ಲಿ ಅಡುಗೆ ನಡೆದಿರುತ್ತದೆ, ಬಾಗಿಲ ಬಳಿ ಮಕ್ಕಳು ಹೋಂವರ್ಕ್ ಬರೆಯುತ್ತಿರುತ್ತಾರೆ. ಈ ಮನೆಗೆ ಯಾವ ಬಣ್ಣ ಹಚ್ಚುತ್ತೀಯ? ರಾಮನಗರದ್ದೂ ಇದೇ ಪ್ರಶ್ನೆ. ಏಷ್ಯಾದಲ್ಲೇ ದೊಡ್ಡದು ಅನಿಸಿಕೊಂಡ ರೇಷ್ಮೆಗೂಡಿನ ಮಾರುಕಟ್ಟೆ ಅಲ್ಲಿದೆ. ಅಲ್ಲಿ ಕೊಂಡ ಗೂಡನ್ನು ಎಷ್ಟೋ ರೀಲರ್‌ಗಳು ಮನೆಗೆ ಅಂಟಿದ ಶೆಡ್ಡಿನಲ್ಲೇ ಬೇಯಿಸಿ ನೂಲು ಬಿಚ್ಚುತ್ತಾರೆ. ಹಳದಿ ಅಂತ ಗೆರೆ ಎಳೆದುಬಿಟ್ಟರೆ ಅವರ ಕಸುಬು ಅಕ್ರಮವಾಗುತ್ತದೆ. ಸುಮ್ಮನೆ ಬಿಟ್ಟರೆ ಗೂಡು ಬೇಯಿಸಿದ ನೀರು ಪಕ್ಕದ ಮನೆಯ ಚರಂಡಿಗೆ ಹೋಗುತ್ತದೆ. ಎರಡೂ ಆಗದ ಹಾಗೆ ನಿಯಮ ಬರೆಯುವುದೇ ನಿನ್ನ ವಿದ್ಯೆ. ಪುಸ್ತಕದಲ್ಲಿ ಅದಕ್ಕೆ ಸಿದ್ಧ ಉತ್ತರ ಇಲ್ಲ, ನೀನೇ ಹುಡುಕಬೇಕು.

ರಸ್ತೆಯ ವಿಷಯವನ್ನೂ ಹೀಗೆಯೇ ನೋಡು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಪ್ರಯಾಣದ ಹೊತ್ತು ಉಳಿಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ರಾಮನಗರ, ಚನ್ನಪಟ್ಟಣಕ್ಕೆ ಬೈಪಾಸ್ ಆದಮೇಲೆ ಹಳೇ ರಸ್ತೆಯ ಬೊಂಬೆ ಅಂಗಡಿ, ಹೋಟೆಲುಗಳ ಮುಂದೆ ನಿಲ್ಲುತ್ತಿದ್ದ ಕಾರುಗಳು ಬೈಪಾಸಿನಲ್ಲೇ ಹೊರಟುಹೋದವು. ರಸ್ತೆಯ ಲಾಭ ಲೆಕ್ಕ ಹಾಕುವಾಗ ಈ ಅಂಗಡಿಗಳ ನಷ್ಟವನ್ನೂ ಅದೇ ಹಾಳೆಯಲ್ಲಿ ಬರೆಯುವ ಯೋಜಕಿ ನೀನಾಗಬೇಕು ಅಂತ ನನ್ನಾಸೆ.

ನೀರಿನ ಮಾತು ಇನ್ನೂ ಮುಖ್ಯ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು, ಹೊಸ ಹೆದ್ದಾರಿಯ ಮೇಲೂ ನೀರು ನಿಂತಿತು. ಮಳೆ ಜೋರಾಗಿತ್ತು, ನಿಜ. ಆದರೆ ಕೆರೆ ಕೋಡಿ ಬಿದ್ದ ನೀರು ಮುಂದಕ್ಕೆ ಹೋಗಲು ಹಳ್ಳ, ರಾಜಕಾಲುವೆ ತೆರವಾಗಿರಬೇಕು. ಗ್ರಾಮ ನಕ್ಷೆಯಲ್ಲಿ ಅವಕ್ಕೆ ಗೆರೆ ಇದೆ, ಪಹಣಿಯಲ್ಲಿ ಖರಾಬು ಅಂತ ನಮೂದಿದೆ. ಸ್ಯಾಟಲೈಟ್ ಚಿತ್ರ ಓದುವುದನ್ನು ಕಾಲೇಜಿನಲ್ಲಿ ಕಲಿಸುತ್ತಾರೆ. ಗ್ರಾಮ ನಕ್ಷೆ, ಟಿಪ್ಪಣಿ, ಪಹಣಿ ಓದುವುದನ್ನು ಸರ್ವೆಯವರ ಪಕ್ಕ ಕೂತು ನೀನೇ ಕಲಿ. ಇನ್ನು ಅರ್ಕಾವತಿ: ಮಂಚನಬೆಲೆಯಿಂದ ರಾಮನಗರಕ್ಕೆ, ಅಲ್ಲಿಂದ ಕನಕಪುರಕ್ಕೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬೈರಮಂಗಲ ಕೆರೆ ತುಂಬಿ ಮುಂದೆ ಇದೇ ಹೊಳೆಗೆ ಸೇರುತ್ತದೆ. ಮಾಗಡಿಗೊಂದು, ಕನಕಪುರಕ್ಕೊಂದು ಅಂತ ಮಾಸ್ಟರ್ ಪ್ಲಾನ್ ಬೇರೆ ಬೇರೆ ಮಾಡಿದರೆ ಈ ಹೊಳೆಯನ್ನು ಯಾರೂ ಪೂರ್ತಿ ನೋಡುವುದಿಲ್ಲ. ಪಂಚಾಯಿತಿ, ನಗರಸಭೆ, ಪುರಸಭೆಗಳ ಯೋಜನೆಗಳನ್ನು ಒಟ್ಟುಗೂಡಿಸಲು ಜಿಲ್ಲಾ ಯೋಜನಾ ಸಮಿತಿ ಇರಬೇಕು ಅಂತ ಸಂವಿಧಾನದ 243-ಝಡ್‌ಡಿ ವಿಧಿ ಹೇಳುತ್ತದೆ. ಈ ವಿಧಿಯನ್ನು ತಂದ 74ನೇ ತಿದ್ದುಪಡಿಯನ್ನು ಪರೀಕ್ಷೆಗೆ ಓದಿ ಬಿಟ್ಟುಬಿಡಬೇಡ. ನೀನು ಬೇಡಿಕೆ ಇಡಬೇಕಾದದ್ದೆಲ್ಲ ಅದರಲ್ಲಿದೆ.

ಬಿಡದಿ ಉಪನಗರದ ಜಗಳ ನಿನಗೆ ಗೊತ್ತೇ ಇದೆ. ಭೂಮಿ ಕೊಡುವುದಿಲ್ಲ ಎನ್ನುವ ರೈತರ ಸಭೆಗೆ ಹೋದರೆ ಕಲಿತವಳು ಅಂತ ಮುಂದೆ ಕೂತು ಮಾತಾಡಬೇಡ, ಹಿಂದೆ ಕೂತು ಕೇಳು. ಹಿಪ್ಪುನೇರಳೆ ತೋಟ, ಹಸು, ಡೇರಿಯ ಹಾಲಿನ ದುಡ್ಡು ಸೇರಿ ಒಂದು ಮನೆ ಹೇಗೆ ನಡೆಯುತ್ತದೆ ಅಂತ ಅವರು ಹೇಳುತ್ತಾರೆ. ಆ ಲೆಕ್ಕ ತಿಳಿಯದೆ ಪರಿಹಾರ ನಿಗದಿ ಮಾಡುವ ವರದಿಗೆ ಯಾವತ್ತೂ ಸಹಿ ಹಾಕಬೇಡ.

ಓದು ಮುಗಿದಮೇಲೆ ಸರ್ಕಾರಿ ಕೆಲಸವೋ, ಕನ್ಸಲ್ಟೆನ್ಸಿಯೋ ನಿನ್ನ ಇಷ್ಟ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾದಾಗ ಜನ ಆಕ್ಷೇಪಣೆ ಸಲ್ಲಿಸಲು 60 ದಿನದ ಅವಕಾಶವಿದೆ. ನಮ್ಮವರಿಗೆ ಅದು ಗೊತ್ತಾಗುವ ಹೊತ್ತಿಗೆ ದಿನ ಕಳೆದಿರುತ್ತದೆ. ಎಲ್ಲಿದ್ದರೂ ಸರಿ, ಈ ನಾಲ್ಕು ಊರಲ್ಲಿ ಯಾವುದರ ಕರಡು ಬಂದರೂ ರಜೆ ಹಾಕಿ ಬಾ. ನಕ್ಷೆಯನ್ನು ಅರಳಿಕಟ್ಟೆಯ ಮೇಲೆ ಹರಡಿ, ಯಾರ ಸರ್ವೆ ನಂಬರು ಎಲ್ಲಿ ಬಂದಿದೆ ಅಂತ ತೋರಿಸಿ, ಆಕ್ಷೇಪಣೆಯನ್ನು ಕನ್ನಡದಲ್ಲಿ ಬರೆದುಕೊಡು.