ಬಟಾಣಿ ಹೇಳಿದ ವಂಶದ ಗುಟ್ಟು

"ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಹುಣಿಸೆಯ ಬೀಜದಿಂದ ಹುಣಿಸೆಯೇ ಮೊಳೆಯುತ್ತದೆ. ಎಮ್ಮೆಯ ಹೊಟ್ಟೆಯಲ್ಲಿ ಎಮ್ಮೆಯ ಕರುವೇ ಹುಟ್ಟುತ್ತದೆ. ಆದರೆ ಕೆಲವು ವೇಳೆ ಈ ಗಾದೆಗೆ ವಿರುದ್ಧವಾದ ಸಂಗತಿಗಳೂ ಕಣ್ಣಿಗೆ ಬೀಳುತ್ತವೆ. ತಂದೆತಾಯಿಗಳಿಬ್ಬರಲ್ಲೂ ಕಾಣದ ಲಕ್ಷಣವೊಂದು ಮಗುವಿನಲ್ಲಿ ತಲೆದೋರುತ್ತದೆ. ಆಗ ಮನೆಯ ಹಿರಿಯರು, "ಇದು ಇವನ ಮುತ್ತಜ್ಜನದು" ಎನ್ನುತ್ತಾರೆ. ಹಾಗಾದರೆ ಮುತ್ತಜ್ಜನಲ್ಲಿದ್ದ ಆ ಲಕ್ಷಣ ನಡುವಿನ ಪೀಳಿಗೆಗಳಲ್ಲಿ ಎಲ್ಲಿ ಅಡಗಿತ್ತು? ಅಳಿದುಹೋಗಿದ್ದರೆ ಮತ್ತೆ ಬಂದದ್ದು ಹೇಗೆ?

ತಂದೆಯ ಗುಣವೂ ತಾಯಿಯ ಗುಣವೂ ಹಾಲಿನಲ್ಲಿ ನೀರು ಬೆರೆತಂತೆ ಮಗುವಿನಲ್ಲಿ ಬೆರೆತುಹೋಗುತ್ತವೆ ಎಂದು ಹತ್ತೊಂಬತ್ತನೆಯ ಶತಮಾನದ ಅನೇಕ ವಿದ್ವಾಂಸರು ನಂಬಿದ್ದರು. ಈ ನಂಬಿಕೆ ನಿಜವಾಗಿದ್ದರೆ ಕೆಲವೇ ಪೀಳಿಗೆಗಳಲ್ಲಿ ಎಲ್ಲರೂ ಒಂದೇ ಬಗೆಯಾಗಬೇಕಾಗಿತ್ತು. ನೀರು ಬೆರೆತ ಹಾಲಿನಿಂದ ಗಟ್ಟಿ ಹಾಲನ್ನು ಮರಳಿ ಪಡೆಯುವಂತಿಲ್ಲವಷ್ಟೆ! ಈ ಒಗಟನ್ನು ಬಿಡಿಸಿದವನು ಒಬ್ಬ ಕ್ರೈಸ್ತ ಸಂನ್ಯಾಸಿ. ಅವನೇ ಗ್ರೆಗರ್ ಮೆಂಡೆಲ್.

ಮೆಂಡೆಲ್ 1822ರಲ್ಲಿ ಅಂದಿನ ಆಸ್ಟ್ರಿಯ ಸಾಮ್ರಾಜ್ಯದ ಒಂದು ಹಳ್ಳಿಯಲ್ಲಿ, ಬಡ ರೈತನ ಮಗನಾಗಿ ಜನಿಸಿದನು. ಆ ಪ್ರದೇಶ ಇಂದು ಚೆಕ್ ಗಣರಾಜ್ಯಕ್ಕೆ ಸೇರಿದೆ. ಗಿಡಗಳಿಗೆ ಕಸಿ ಕಟ್ಟುವುದನ್ನೂ ಜೇನು ಸಾಕುವುದನ್ನೂ ಅವನು ಬಾಲ್ಯದಲ್ಲಿಯೇ ಕಲಿತನು. ಓದಿಗೆ ಹಣವಿಲ್ಲದೆ ಬಹಳ ಕಷ್ಟಪಟ್ಟ ಅವನು 1843ರಲ್ಲಿ ಬ್ರನೋ ನಗರದ ಮಠವನ್ನು ಸೇರಿದನು. ಮಠವೇ ಅವನನ್ನು ವಿಯೆನ್ನ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿತು. ಅಧ್ಯಾಪಕರ ಅರ್ಹತಾ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾಗಲಿಲ್ಲ. ಆದರೂ ಅವನು ಎದೆಗುಂದಲಿಲ್ಲ. 1856ರಲ್ಲಿ ಮಠದ ತೋಟದಲ್ಲಿ ಬಟಾಣಿಯ ಗಿಡಗಳ ಮೇಲೆ ಪ್ರಯೋಗಗಳನ್ನು ಆರಂಭಿಸಿ, ಸುಮಾರು ಎಂಟು ವರ್ಷ ಮುಂದುವರಿಸಿದನು.

ಬಟಾಣಿಯನ್ನೇ ಆರಿಸಿದ್ದಕ್ಕೆ ಕಾರಣವುಂಟು. ಅದು ಬೇಗ ಬೆಳೆಯುತ್ತದೆ. ಅದರ ಹೂವಿನಲ್ಲಿ ಕೇಸರಗಳೂ ಶಲಾಕೆಯೂ ದಳಗಳ ಒಳಗೆ ಮುಚ್ಚಿಕೊಂಡಿರುವುದರಿಂದ ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆದ್ದರಿಂದ ಶುದ್ಧ ತಳಿಯನ್ನು ಕಾಪಾಡುವುದು ಸುಲಭ. ಮೆಂಡೆಲ್ ಒಂದು ಗಿಡದ ಮೊಗ್ಗನ್ನು ಬಿಡಿಸಿ, ಕೇಸರಗಳನ್ನು ಕಿತ್ತುಹಾಕಿ, ಇನ್ನೊಂದು ಗಿಡದ ಪರಾಗವನ್ನು ಅದರ ಶಲಾಕೆಗೆ ಸೋಕಿಸುತ್ತಿದ್ದನು. ಬೇರೆ ಪರಾಗ ತಗಲದಂತೆ ಹೂವಿಗೆ ಚೀಲ ಕಟ್ಟುತ್ತಿದ್ದನು. ಗಿಡದ ಎತ್ತರ, ಬೀಜದ ಆಕಾರ, ಬೀಜದ ಬಣ್ಣ ಮೊದಲಾದ ಏಳು ಲಕ್ಷಣಗಳನ್ನು ಆರಿಸಿಕೊಂಡು, ಒಂದೊಂದನ್ನೂ ಬೇರೆಬೇರೆಯಾಗಿ ಗಮನಿಸಿ, ಪ್ರತಿಯೊಂದು ಫಲಿತಾಂಶವನ್ನೂ ಎಣಿಸಿ ಬರೆದಿಟ್ಟನು. ಎಣಿಸಿದ್ದೇ ಅವನ ಹಿರಿಮೆ.

ಎತ್ತರದ ತಳಿಯನ್ನು ಗಿಡ್ಡ ತಳಿಯೊಡನೆ ಕೂಡಿಸಿದಾಗ ಹುಟ್ಟಿದ ಗಿಡಗಳೆಲ್ಲವೂ ಎತ್ತರವಾಗಿದ್ದವು. ಗಿಡ್ಡತನ ಕಣ್ಮರೆಯಾಯಿತು. ಈ ಗಿಡಗಳನ್ನು ತಮ್ಮ ಪರಾಗದಿಂದಲೇ ಕಾಯಿ ಕಟ್ಟಲು ಬಿಟ್ಟು, ಬಂದ ಬೀಜಗಳನ್ನು ಬಿತ್ತಿದಾಗ ಎರಡನೆಯ ಪೀಳಿಗೆಯ 1,064 ಗಿಡಗಳಲ್ಲಿ 787 ಎತ್ತರವಾಗಿಯೂ 277 ಗಿಡ್ಡವಾಗಿಯೂ ಬೆಳೆದವು. ಬೀಜದ ಆಕಾರವನ್ನು ಪರೀಕ್ಷಿಸಿದಾಗ 5,474 ದುಂಡು ಬೀಜಗಳೂ 1,850 ಸುಕ್ಕು ಬೀಜಗಳೂ ದೊರೆತವು. ಭಾಗಿಸಿ ನೋಡಿರಿ: ಎರಡರಲ್ಲಿಯೂ ಪ್ರಮಾಣ ಹೆಚ್ಚುಕಡಿಮೆ 3ಕ್ಕೆ 1. ಏಳು ಲಕ್ಷಣಗಳಲ್ಲಿಯೂ ಇದೇ ಪ್ರಮಾಣ ಕಂಡುಬಂದಿತು.

ಇದರ ಅರ್ಥವೇನು? ಪ್ರತಿಯೊಂದು ಲಕ್ಷಣಕ್ಕೂ ಗಿಡದಲ್ಲಿ ಎರಡು ಘಟಕಗಳಿರುತ್ತವೆ. ಒಂದು ತಂದೆಯಿಂದ ಬಂದದ್ದು, ಇನ್ನೊಂದು ತಾಯಿಯಿಂದ ಬಂದದ್ದು. ಸಂತಾನಕ್ಕೆ ಪ್ರತಿಯೊಬ್ಬರೂ ತಮ್ಮ ಎರಡರಲ್ಲಿ ಒಂದನ್ನು ಮಾತ್ರ ಕೊಡುತ್ತಾರೆ. ಎತ್ತರದ ಘಟಕವನ್ನು 'ಎ' ಎಂದೂ ಗಿಡ್ಡತನದ ಘಟಕವನ್ನು 'ಗಿ' ಎಂದೂ ಕರೆಯೋಣ. ಮೊದಲ ಪೀಳಿಗೆಯ ಗಿಡಗಳೆಲ್ಲ 'ಎ-ಗಿ'. ಅವುಗಳಲ್ಲಿ 'ಎ' ಪ್ರಬಲವಾಗಿ ಪ್ರಕಟವಾಗುತ್ತದೆ, 'ಗಿ' ಸುಪ್ತವಾಗಿರುತ್ತದೆ. ಇಂತಹ ಎರಡು ಕೂಡಿದಾಗ 'ಎ-ಎ', 'ಎ-ಗಿ', 'ಗಿ-ಎ', 'ಗಿ-ಗಿ' ಎಂಬ ನಾಲ್ಕು ಜೋಡಣೆಗಳು ಸಾಧ್ಯ. ಮೊದಲ ಮೂರು ಎತ್ತರ, ಕೊನೆಯದು ಗಿಡ್ಡ. ಸುಪ್ತವಾದುದು ಸತ್ತಿರಲಿಲ್ಲ, ತನ್ನ ಜೊತೆಗಾರನಿಗಾಗಿ ಕಾಯುತ್ತಿತ್ತು. ಮುತ್ತಜ್ಜನ ಲಕ್ಷಣ ಮರಿಮಗನಲ್ಲಿ ಮರಳುವುದೂ ಹೀಗೆಯೇ.

ಈ ತತ್ತ್ವ ಸರಿಯಾದರೆ ಎರಡನೆಯ ಪೀಳಿಗೆಯ ಎತ್ತರದ ಗಿಡಗಳಲ್ಲಿ ಮೂರನೆಯ ಒಂದು ಭಾಗ ಮಾತ್ರ ಶುದ್ಧ ತಳಿಯಾಗಿರಬೇಕು. ಮೆಂಡೆಲ್ ಅಂತಹ 100 ಗಿಡಗಳ ಸಂತಾನವನ್ನು ಬೆಳೆಸಿ ನೋಡಿದನು. 28 ಗಿಡಗಳ ಸಂತಾನವೆಲ್ಲ ಎತ್ತರವಾಗಿತ್ತು. ಉಳಿದ 72ರ ಸಂತಾನದಲ್ಲಿ ಗಿಡ್ಡ ಗಿಡಗಳೂ ಕಾಣಿಸಿಕೊಂಡವು. ಲೆಕ್ಕಕ್ಕೆ ತೋಟವೇ ಸಾಕ್ಷಿ ನುಡಿಯಿತು.

ಮೆಂಡೆಲ್ 1865ರಲ್ಲಿ ಬ್ರನೋ ನಗರದ ವಿಜ್ಞಾನ ಸಂಘದಲ್ಲಿ ತನ್ನ ಪ್ರಬಂಧವನ್ನು ಓದಿದನು. ಮರುವರ್ಷ ಅದು ಅಚ್ಚಾಯಿತು. ಆದರೆ ಅದರ ಮಹತ್ತ್ವವನ್ನು ಜಗತ್ತು ಅರಿಯಲಿಲ್ಲ. ಮನ್ನಣೆ ಕಾಣದೆಯೇ ಅವನು 1884ರಲ್ಲಿ ತೀರಿಕೊಂಡನು. 1900ರಲ್ಲಿ ಡಿ ವ್ರೀಸ್, ಕಾರೆನ್ಸ್, ಚೆರ್ಮಾಕ್ ಎಂಬ ವಿಜ್ಞಾನಿಗಳು ಅವನ ಕೃತಿಯನ್ನು ಬೆಳಕಿಗೆ ತಂದರು. ಅವನ ಘಟಕಗಳನ್ನೇ ಇಂದು ನಾವು ಜೀನ್ ಅಥವಾ ವಂಶವಾಹಿ ಎನ್ನುತ್ತೇವೆ. ಅವು ಜೀವಕೋಶದ ವರ್ಣತಂತುಗಳಲ್ಲಿವೆ. ಮನುಷ್ಯನ ಜೀವಕೋಶದಲ್ಲಿ ಸಾಮಾನ್ಯವಾಗಿ 23 ಜೋಡಿ ವರ್ಣತಂತುಗಳಿದ್ದು, ಪ್ರತಿ ಜೋಡಿಯಲ್ಲಿ ಒಂದು ತಾಯಿಯದು, ಇನ್ನೊಂದು ತಂದೆಯದು.

ಮನುಷ್ಯನ ಗುಣಗಳೆಲ್ಲವೂ ಬಟಾಣಿಯಷ್ಟು ಸರಳವಲ್ಲ. ನಮ್ಮ ಎತ್ತರ, ಮೈಬಣ್ಣಗಳನ್ನು ಅನೇಕ ಜೀನ್‌ಗಳು ಸೇರಿ ರೂಪಿಸುತ್ತವೆ. ಆಹಾರ, ಪರಿಸರಗಳ ಪ್ರಭಾವವೂ ಉಂಟು. 'ಪ್ರಬಲ' ಎಂದರೆ ಶ್ರೇಷ್ಠ ಎಂದೂ ಅರ್ಥವಲ್ಲ. ಆದರೆ ಕೆಲವು ರೋಗಗಳು ಮಾತ್ರ ಮೆಂಡೆಲನ ಗಿಡ್ಡ ಬಟಾಣಿಯ ದಾರಿಯನ್ನೇ ಹಿಡಿಯುತ್ತವೆ. ರಕ್ತಕ್ಕೆ ಸಂಬಂಧಿಸಿದ ಥಲಸೀಮಿಯ ಇವುಗಳಲ್ಲೊಂದು. ಇದರ ಒಂದು ಜೀನ್ ಮಾತ್ರ ಉಳ್ಳವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಅಂತಹ ಇಬ್ಬರು ವಿವಾಹವಾದರೆ ಅವರಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲನೆಯ ಮಗುವಿಗೆ ಬಂದಿತೆಂದು ಮಿಕ್ಕ ಮೂವರು ಪಾರಾದರೆಂದು ತಿಳಿಯಬಾರದು. ಪ್ರತಿ ಸಲವೂ ನಾಣ್ಯ ಹೊಸದಾಗಿ ಚಿಮ್ಮಿದಂತೆ.

ನಮ್ಮ ನಾಡಿನಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ವಾಡಿಕೆ ಬಹು ಹಳೆಯದು. ಒಂದೇ ಅಜ್ಜನಿಂದಲೋ ಅಜ್ಜಿಯಿಂದಲೋ ಬಂದ ಸುಪ್ತ ಜೀನ್ ಇಬ್ಬರಲ್ಲಿಯೂ ಅಡಗಿರುವ ಸಂಭವ ಇಂತಹ ಸಂಬಂಧಗಳಲ್ಲಿ ಹೆಚ್ಚು. ಆದ್ದರಿಂದಲೇ ವೈದ್ಯರು ಮದುವೆಗೆ ಮೊದಲು ವಿಚಾರ ಮಾಡಿರೆಂದು ತಿಳಿಹೇಳುತ್ತಾರೆ. ಥಲಸೀಮಿಯದ ಜೀನ್ ಇದೆಯೇ ಎಂಬುದನ್ನು ರಕ್ತಪರೀಕ್ಷೆಯಿಂದ ಅರಿಯಬಹುದು.

ರೋಗಿಯಾದ ಮಗು ಹುಟ್ಟಿದಾಗ ತಾಯಿಯನ್ನು ದೂರುವವರು ಇಂದಿಗೂ ಇದ್ದಾರೆ. ಆಕೆಯ ಕಾಲ್ಗುಣವನ್ನು ಹಳಿಯುವವರೂ ಇದ್ದಾರೆ. ಬಟಾಣಿಯ ಲೆಕ್ಕ ಬಲ್ಲವರು ಹಾಗೆ ಮಾಡಲಾರರು. 'ಗಿ-ಗಿ' ಆಗಬೇಕಾದರೆ ಒಂದು 'ಗಿ' ತಾಯಿಯಿಂದ, ಇನ್ನೊಂದು ತಂದೆಯಿಂದ ಬರಲೇಬೇಕು. ತಮಗೆ ಅರಿವಿಲ್ಲದೆ ಹೊತ್ತು ತಂದುದಕ್ಕೆ ಇಬ್ಬರಲ್ಲಿ ಯಾರೂ ತಪ್ಪಿತಸ್ಥರಲ್ಲ. ಮಠದ ತೋಟದಲ್ಲಿ ತಾಳ್ಮೆಯಿಂದ ಕಾಳು ಎಣಿಸಿದ ಆ ಸಂನ್ಯಾಸಿಯು ನಮಗೆ ತಿಳಿವಿನೊಡನೆ ಕನಿಕರವನ್ನೂ ಕಲಿಸಿದ್ದಾನೆ.