ರುಚಿ ಹೇಳುವಾಗ ಊರನ್ನೂ ಹೇಳಿ

ಮಕ್ಕಳೇ, ಊಟದ ಡಬ್ಬಿ ಬಿಚ್ಚಿದಾಗ ಹುಟ್ಟುವ ಮಾತನ್ನು ಹಗುರವಾಗಿ ಕಾಣಬೇಡಿ. ‘ಊರಿಂದ ಚಟ್ನಿಪುಡಿ ಬಂದಿದೆ, ಸ್ವಲ್ಪ ಹಾಕ್ಕೋ’, ‘ಮೊನ್ನೆ ಒಂದ್ಕಡೆ ನಿಪ್ಪಟ್ಟು ತಿಂದೆ, ಏನು ಗರಿಗರಿ ಗೊತ್ತಾ?’ ಎಂದು ಕಚೇರಿಯಲ್ಲಿ, ಹಾಸ್ಟೆಲಿನಲ್ಲಿ, ಪಿ.ಜಿ. ಕೋಣೆಗಳಲ್ಲಿ ದಿನವೂ ನೀವು ಆಡುವ ಮಾತಿದೆಯಲ್ಲ, ಅದನ್ನು ಹೊತ್ತು ಕಳೆಯುವ ಹರಟೆ ಎಂದು ಬದಿಗೆ ಸರಿಸುವ ಹಿರಿಯರಿದ್ದಾರೆ. ನಾನು ಹಾಗೆನ್ನುವುದಿಲ್ಲ. ಬ್ಯಾಂಕಿನ ನೌಕರಿಯಲ್ಲಿ ವರ್ಗವಾದ ಕಡೆಗೆಲ್ಲ ಹೋಗಿ ಸಂಸಾರ ಹೂಡಿದವಳು ನಾನು. ಹುಬ್ಬಳ್ಳಿಯಲ್ಲಾಗಲಿ, ಸಾಗರದಲ್ಲಾಗಲಿ, ಮಡಿಕೇರಿಯಲ್ಲಾಗಲಿ, ಗುರುತಿಲ್ಲದ ಜನ ನನ್ನವರಾದದ್ದು ಇಂಥ ಮಾತಿನಿಂದಲೇ. ಉಪ್ಪಿನಕಾಯಿ ಚೆನ್ನಾಗಿದೆ ಎಂದ ಕೂಡಲೇ ಪಕ್ಕದ ಮನೆಯ ಬಾಗಿಲು ತೆರೆಯುತ್ತದೆ.

ಆದ್ದರಿಂದ ಈ ಮಾತು ಕಡಿಮೆ ಮಾಡಿ ಎಂದು ಹೇಳಲು ನಾನು ಬಂದಿಲ್ಲ. ಇನ್ನಷ್ಟು ಆಡಿ, ಆದರೆ ಪೂರ್ತಿ ಆಡಿ. ಒಂದು ತಿನಿಸು ಚೆನ್ನಾಗಿತ್ತು ಎಂದು ಹೇಳುವಾಗ ಅದರ ಊರು ಯಾವುದು, ಮಾಡಿದವರು ಯಾರು, ಯಾವ ಕಾಲದಲ್ಲಿ ಸಿಗುತ್ತದೆ, ಯಾವುದರ ಜೊತೆ ತಿನ್ನಬೇಕು ಎಂಬುದನ್ನೂ ಸೇರಿಸಿ ಹೇಳಿ. ‘ಸೂಪರ್ ಆಗಿತ್ತು’ ಎಂದು ಫೋಟೊ ಕಳಿಸಿ ಸುಮ್ಮನಾದರೆ ಕೇಳಿದವರಿಗೂ ದಕ್ಕುವುದಿಲ್ಲ, ಮಾಡಿದವರಿಗೂ ಮುಟ್ಟುವುದಿಲ್ಲ.

ಮದ್ದೂರು ವಡೆಯನ್ನೇ ನೋಡಿ. ಚಿರೋಟಿ ರವೆ, ಮೈದಾ, ಅಕ್ಕಿ ಹಿಟ್ಟು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಸೇರಿಸಿ ಕಲಸಿ, ಕೈಯಲ್ಲಿ ತಟ್ಟಿ ಕರಿದರೆ ಆಯಿತು. ಬೇರೆ ಊರಲ್ಲಿ ಸಿಗದ ಸಾಮಾನು ಇದರಲ್ಲಿ ಯಾವುದೂ ಇಲ್ಲ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಅವರು ಇದನ್ನು ಮಾರತೊಡಗಿದರು ಎನ್ನುತ್ತಾರೆ. ಬೆಂಗಳೂರು–ಮೈಸೂರು ನಡುವೆ ಓಡಾಡುವ ಜನ ತಿಂದರು, ಮನೆಗೂ ಕಟ್ಟಿಸಿಕೊಂಡು ಹೋದರು, ‘ಮದ್ದೂರಲ್ಲಿ ಸಿಗುತ್ತೆ’ ಎಂದು ನೆಂಟರಿಷ್ಟರಿಗೆ ಹೇಳಿದರು. ಊರಿನ ಹೆಸರು ವಡೆಗೆ ಅಂಟಿತು, ವಡೆಯಿಂದ ಊರಿಗೆ ಹೆಸರು ಬಂತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಈಗ ಮದ್ದೂರು ಪೇಟೆಯೊಳಗೆ ಇಳಿಯದೆ ಹಾದುಹೋಗುತ್ತದೆ. ಪ್ರಯಾಣದ ಹೊತ್ತು ಉಳಿಯಿತು, ಒಳ್ಳೆಯದೇ. ಆದರೆ ಹಳೇ ರಸ್ತೆಯ ಹೋಟೆಲುಗಳ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಮೊದಲು ಬಸ್ಸು ತಾನಾಗಿ ನಿಲ್ಲುತ್ತಿತ್ತು. ಇವತ್ತು ಕಾರು ಹೆದ್ದಾರಿ ಬಿಟ್ಟು ಊರೊಳಗೆ ಇಳಿಯಬೇಕಾದರೆ ಒಳಗೆ ಕೂತವರಲ್ಲಿ ಒಬ್ಬರಾದರೂ ‘ಇಲ್ಲಿ ಹತ್ತು ನಿಮಿಷ ಒಳಗೆ ಹೋಗೋಣ, ವಡೆ ತಿನ್ನೋಣ’ ಎನ್ನಬೇಕು. ಆ ಒಬ್ಬರು ನೀವಾಗಿ. ಒಂದು ಬಾಣಲೆ ಆರದೆ ಉಳಿಯುವುದಕ್ಕೆ ನಿಮ್ಮ ಆ ಮಾತು ಕಾರಣವಾಗುತ್ತದೆ.

ಬೆಂಗಳೂರಿನಲ್ಲಿ ಕಾಂಡಿಮೆಂಟ್ಸ್ ಅಂಗಡಿಗಳು ಬೆಳೆದದ್ದೂ ಹೀಗೆಯೇ. ಗಾಂಧಿಬಜಾರಿನ ಸುಬ್ಬಮ್ಮನ ಅಂಗಡಿ 1948ರಿಂದ ನಡೆದುಬಂದಿದೆ. ಹಪ್ಪಳ ಮಾಡಿ ಮಾರುತ್ತಿದ್ದ ಒಬ್ಬ ಹೆಣ್ಣುಮಗಳು ಕಟ್ಟಿದ ಅಂಗಡಿ ಅದು. ಅಲ್ಲಿಯ ಕೋಡುಬಳೆ, ನಿಪ್ಪಟ್ಟು, ಹುರಿಗಾಳುಗಳನ್ನು ನಗರದ ತುಂಬ ಹರಡಿದವರು ಗಿರಾಕಿಗಳು. ‘ಎಲ್ಲಿಂದ ತಂದಿದ್ದು?’ ಎಂದು ಒಬ್ಬರು ಕೇಳಿದಾಗ ಇನ್ನೊಬ್ಬರು ಮುಚ್ಚಿಡದೆ ಹೇಳಿದ್ದರಿಂದಲೇ ಇಂಥ ಅಂಗಡಿಗಳು ತಲೆಮಾರು ದಾಟಿವೆ. ನೀವೂ ಮುಚ್ಚಿಡಬೇಡಿ. ಒಳ್ಳೆಯ ಅಂಗಡಿಯ ಗುಟ್ಟು ನಿಮ್ಮೊಬ್ಬರಲ್ಲೇ ಉಳಿದರೆ ಆ ಅಂಗಡಿ ಉಳಿಯುವುದಿಲ್ಲ.

ಎರಡನೆಯ ಮಾತು, ಮಾಡಿದವರನ್ನು ಕೇಳುವುದನ್ನು ಕಲಿಯಿರಿ. ಹುಬ್ಬಳ್ಳಿಯಲ್ಲಿದ್ದಾಗ ನಮ್ಮ ಮನೆ ಮಾಲೀಕರ ತಾಯಿ ಕೊಟ್ಟ ಶೇಂಗಾ ಚಟ್ನಿಯ ರುಚಿ ನನಗೆ ಹಿಡಿಸಿಬಿಟ್ಟಿತು. ಚೆನ್ನಾಗಿದೆ ಎಂದು ಹೇಳಿ ಡಬ್ಬಿ ತೊಳೆದು ಹಿಂದಕ್ಕೆ ಕೊಡಬಹುದಿತ್ತು. ‘ಇದಕ್ಕ ಏನೇನ ಹಾಕೀರಿ ಅವ್ವಾರ?’ ಎಂದು ಕೇಳಿದೆ. ಅವರು ಬಾಯಲ್ಲಿ ಹೇಳಲಿಲ್ಲ, ಒಳಗೆ ಕರೆದು ಒರಳಿನ ಮುಂದೆ ಕೂರಿಸಿದರು. ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತಿಕ್ಕಿ ತೂರಿದ ಶೇಂಗಾ, ಕೆಂಪು ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಚೂರು ಬೆಲ್ಲ. ಒನಕೆ ಬಿದ್ದಂತೆ ಮೊದಲು ನುಚ್ಚಾಯಿತು, ಆಮೇಲೆ ತರಿತರಿ ಪುಡಿಯಾಯಿತು, ಕೊನೆಗೆ ಕಾಳಿನ ಎಣ್ಣೆ ಬಿಟ್ಟುಕೊಂಡು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಂತಾಯಿತು. ‘ಎಣ್ಣಿ ಬಿಡೂತನಾ ಕುಟ್ಟು ತಂಗಿ, ಹಿಟ್ಟಾಗೂತನಾ ಬ್ಯಾಡ’ ಎಂದರು. ಮಿಕ್ಸಿಯಲ್ಲಿ ಒಂದೇ ಸಮ ತಿರುಗಿಸಿದರೆ ಶೇಂಗಾ ಬಿಸಿಯಾಗಿ ಅಂಟಂಟಾಗುತ್ತದೆ, ಆ ತರಿ ಸಿಗುವುದಿಲ್ಲ. ಒರಳಿಲ್ಲದವರು ತಡೆತಡೆದು ತಿರುಗಿಸಬೇಕು. ಜೋಳದ ರೊಟ್ಟಿಗೆ ಇದನ್ನು ಮೊಸರಲ್ಲಿ ಕಲಸಿಕೊಂಡರೆ ಒಂದು ರುಚಿ, ಹಸಿ ಎಣ್ಣೆ ಹಾಕಿಕೊಂಡರೆ ಇನ್ನೊಂದು. ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಹಣ್ಣುಮೆಣಸಿನಕಾಯಿಯ ಕೆಂಪು ಚಟ್ನಿ, ಇವೆಲ್ಲ ಇರುವುದೂ ಆಮೇಲೆ ಅವರ ಮಾತಿನಿಂದಲೇ ತಿಳಿಯಿತು. ಒಂದು ಪ್ರಶ್ನೆ ಕೇಳಿದ್ದಕ್ಕೆ ಅಷ್ಟೂ ದಕ್ಕಿತು. ಮಾಡುವವರಿಗೆ ಹೊಗಳಿಕೆಗಿಂತ ಪ್ರಶ್ನೆ ಹೆಚ್ಚು ಹಿತವಾಗಿರುತ್ತದೆ, ಏಕೆಂದರೆ ಪ್ರಶ್ನೆ ಕೇಳಿದವರು ತಮ್ಮ ಕೆಲಸವನ್ನು ಕಂಡಿದ್ದಾರೆ ಎಂದು ಅವರಿಗೆ ಗೊತ್ತಾಗುತ್ತದೆ.

ಕೇಳುವಾಗ ಸಾಮಾನಿನ ಊರನ್ನೂ ಕೇಳಿ. ‘ಖಾರ ಇದೆ’ ಎಂದರೆ ಸಾಲದು, ಯಾವ ಮೆಣಸಿನಕಾಯಿ ಎಂದು ತಿಳಿಯಬೇಕು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಸುಕ್ಕು ಸುಕ್ಕಾದ ಮೈ, ಕಡುಗೆಂಪು ಬಣ್ಣ, ಖಾರ ಮಾತ್ರ ಹದ. ಅದರಿಂದ ತೆಗೆದ ಬಣ್ಣ ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಇದು ಗೊತ್ತಿದ್ದವರು ಕೆಂಪಗೆ ಕಂಡ ಚಟ್ನಿಗೆ ಹೆದರಿ ತಟ್ಟೆ ಸರಿಸುವುದಿಲ್ಲ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಎರಡನ್ನೂ ಬೆರೆಸಿ ಪುಡಿ ಮಾಡಿಸುವ ಮನೆಗಳು ಬೇಕಾದಷ್ಟಿವೆ. ನಿಮ್ಮ ಅಮ್ಮ ಸಾರಿನಪುಡಿಗೆ ಯಾವುದನ್ನು ಎಷ್ಟು ಹಾಕುತ್ತಾರೆ ಎಂದು ಕೇಳಿದ್ದೀರಾ?

ಮೂರನೆಯದು ಕಾಲ. ಪ್ಯಾಕೆಟ್ಟು ವರ್ಷವಿಡೀ ಸಿಗುವುದರಿಂದ ತಿನಿಸಿಗೂ ಒಂದು ಋತುವಿದೆ ಎನ್ನುವುದು ಮರೆತುಹೋಗುತ್ತಿದೆ. ಸಾಗರ, ಶಿರಸಿ, ರಿಪ್ಪನ್‌ಪೇಟೆ ಕಡೆಯ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ನೀವು ನೆಕ್ಕಿ ನೆಕ್ಕಿ ತಿನ್ನುತ್ತೀರಿ. ಆ ಮಿಡಿ ಸಿಗುವುದು ಫೆಬ್ರುವರಿ–ಮಾರ್ಚ್ ಸುಮಾರಿನ ಕೆಲವೇ ವಾರ, ಒಳಗೆ ಓಟೆ ಗಟ್ಟಿಯಾಗುವ ಮೊದಲು. ಕೊಯ್ಯುವವರು ಎತ್ತರದ ಮರ ಹತ್ತಿ, ಮಿಡಿ ನೆಲಕ್ಕೆ ಬೀಳದಂತೆ ಹಗ್ಗದಲ್ಲಿ ಇಳಿಸುತ್ತಾರೆ. ಪೆಟ್ಟಾದ ಒಂದು ಮಿಡಿ ಭರಣಿಯನ್ನೇ ಕೆಡಿಸಬಲ್ಲದು. ತೊಟ್ಟು ಚೂರು ಉಳಿದಿರಬೇಕು, ಸೊನೆ ಸೋರಿಹೋಗಬಾರದು, ಪರಿಮಳವೆಲ್ಲ ಆ ಸೊನೆಯಲ್ಲೇ ಇರುವುದು. ಮಿಡಿಯನ್ನು ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಹಾಕಿಟ್ಟರೆ ತಾನೇ ನೀರು ಬಿಟ್ಟುಕೊಂಡು ದಿನ ಕಳೆದಂತೆ ಸುಕ್ಕುಗಟ್ಟುತ್ತದೆ. ಆ ಉಪ್ಪುನೀರನ್ನೇ ಕಾಯಿಸಿ ಆರಿಸಿ, ಸಾಸಿವೆ, ಮೆಣಸಿನಕಾಯಿ, ಅರಿಸಿನ ಬೀಸಿ ಹಾಕುತ್ತಾರೆ. ಸಾಂಪ್ರದಾಯಿಕ ಮಲೆನಾಡಿನ ಮಿಡಿಗೆ ಎಣ್ಣೆ ಬೇಡ. ಕೆಲವು ಮರದ ಮಿಡಿಗೆ ಜೀರಿಗೆಯ ಘಮ, ಕೆಲವಕ್ಕೆ ಕರ್ಪೂರದ ಘಮ. ಒಂದೊಂದು ಮರಕ್ಕೂ ಒಂದೊಂದು ಗುಣ ಇರುವುದರಿಂದ ಜನ ಮರಗಳಿಗೇ ಹೆಸರಿಟ್ಟುಕೊಂಡಿದ್ದಾರೆ. ನದಿದಂಡೆಯ ಹಳೆಯ ಮರಗಳು ಕಡಿಮೆಯಾಗುತ್ತಿವೆ, ಅವಸರಕ್ಕೆ ಕೊಂಬೆಯನ್ನೇ ಕಡಿದು ಮಿಡಿ ಇಳಿಸುವವರೂ ಇದ್ದಾರೆ. ಕಸಿ ಕಟ್ಟಿ ತಳಿ ಉಳಿಸಲು ಹೆಣಗುತ್ತಿರುವ ರೈತರೂ ಇದ್ದಾರೆ. ಇಷ್ಟು ತಿಳಿದ ಮೇಲೆ ಒಂದು ಮಿಡಿಗೆ ಕೇಳಿದ ಬೆಲೆ ನಿಮಗೆ ಹೆಚ್ಚು ಎನಿಸದು. ಎನಿಸಿದರೆ ಕಡಿಮೆ ಕೊಳ್ಳಿ, ಕೈಯಿಂದ ಮಾಡಿದವರ ಹತ್ತಿರ ಚೌಕಾಸಿ ಮಾತ್ರ ಮಾಡಬೇಡಿ.

ಚಳಿಗಾಲಕ್ಕೆ ಸೊಗಡಿನ ಅವರೆಕಾಯಿ ಬಂದಾಗ ಹಿತಕಿದ ಬೇಳೆಯ ಹುರಿಗಾಳು, ಬೇಸಿಗೆಯ ಬಿಸಿಲಲ್ಲಿ ಒಣಗಿದ ಹಲಸಿನ ಹಪ್ಪಳಕ್ಕೆ ಮಳೆಗಾಲದ ಸಂಜೆ, ಮೊಸರಲ್ಲಿ ನೆನೆದು ಬಿಸಿಲು ಕಂಡ ಬಾಳಕದ ಮೆಣಸಿನಕಾಯಿಗೆ ಮೊಸರನ್ನ. ಇವನ್ನೆಲ್ಲ ಅದರದರ ಹೊತ್ತಿಗೆ ನೆನಪು ಮಾಡಿಕೊಡುವ ಗೆಳೆಯರು ನೀವಾಗಿ.

ಇನ್ನು ಗಟ್ಟಿಯಾಗಿ ಹೇಳಬೇಕಾದ ಮಾತೊಂದಿದೆ. ಇನ್ನೊಬ್ಬರ ಡಬ್ಬಿ ನೋಡಿ ಮುಖ ಸಿಂಡರಿಸಬೇಡಿ. ನಾನು ಮಾಂಸ ತಿನ್ನುವವಳಲ್ಲ. ಆದರೂ ಮಡಿಕೇರಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದವರು ಕಾಚಂಪುಳಿಯ ಬಗ್ಗೆ ಹೇಳುವಾಗ ಊಟ ಬಿಟ್ಟು ಕೇಳುತ್ತಿದ್ದೆ. ಪೂರ್ತಿ ಹಣ್ಣಾದ ಹುಳಿಹಣ್ಣುಗಳಿಂದ ಇಳಿದ ರಸವನ್ನು ಕುದಿಸಿ ಕುದಿಸಿ ಕಪ್ಪಗೆ, ಗಟ್ಟಿಯಾಗಿ ಮಾಡಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಕೊಡಗಿನ ಹಂದಿಮಾಂಸದ ಪಂದಿ ಕರಿಗೆ ಆ ಕಪ್ಪು ಬಣ್ಣ, ಆ ಹುಳಿ ಕೊಡುವುದು ಅದೇ. ಉತ್ತರ ಕನ್ನಡದವರು ಉಪ್ಪಾಗೆ ಎನ್ನುವುದೂ ಈ ಹುಳಿಹಣ್ಣಿನ ಮರವನ್ನೇ. ಅಲ್ಲಿ ಒಣಗಿದ ಸಿಪ್ಪೆ ಹುಳಿಗಾಗುತ್ತದೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಮಾಂಸದಡಿಗೆಯ ಮಾತೆಂದು ನಾನು ಎದ್ದುಹೋಗಿದ್ದರೆ ಈ ಮರ ನನಗೆ ಗೊತ್ತೇ ಆಗುತ್ತಿರಲಿಲ್ಲ. ಮಲೆನಾಡಿನಲ್ಲಿ ಚಗಳಿ ಇರುವೆಯ ಚಟ್ನಿ ಮಾಡುತ್ತಾರೆ ಎಂದರೆ ಛೀ ಎನ್ನುವವರಿದ್ದಾರೆ. ಒಡಿಶಾದ ಮಯೂರ್‌ಭಂಜ್‌ನ ಕೆಂಪಿರುವೆ ಚಟ್ನಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೇ ಸಿಕ್ಕಿದೆ. ತಿನ್ನಲೇಬೇಕೆಂದು ಯಾರೂ ಹೇಳುವುದಿಲ್ಲ. ‘ನಾನು ತಿನ್ನಲ್ಲ, ಹೇಗೆ ಮಾಡ್ತೀರಿ ಹೇಳಿ’ ಎಂದರೆ ಸ್ನೇಹವೂ ಉಳಿಯುತ್ತದೆ, ತಿಳಿವಳಿಕೆಯೂ ಬರುತ್ತದೆ. ಮೂಗು ಮುಚ್ಚಿಕೊಂಡರೆ ನಾಳೆಯಿಂದ ಆ ಹುಡುಗಿಯೋ ಹುಡುಗನೋ ಮೂಲೆಯಲ್ಲಿ ಒಬ್ಬರೇ ಕೂತು ಉಣ್ಣುತ್ತಾರೆ. ಅದಕ್ಕೆ ಕಾರಣ ನೀವಾಗಬಾರದು. ಹಾಗೆಯೇ, ‘ನಮ್ಮೂರ ಗಿರ್ಮಿಟ್ ಮುಂದೆ ನಿಮ್ಮ ಮಂಡಕ್ಕಿ ಏನೂ ಅಲ್ಲ’ ಎಂಬ ಜಗಳವೂ ಬೇಡ. ಹುಬ್ಬಳ್ಳಿಯವರ ಗಿರ್ಮಿಟ್‌ನಲ್ಲಿ ಹುಣಸೆಹುಳಿಯ ಒಗ್ಗರಣೆ ಮತ್ತು ಪುಟಾಣಿ ಹಿಟ್ಟು ಇದೆ, ದಾವಣಗೆರೆಯವರ ಮಂಡಕ್ಕಿಗೆ ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ ಇದೆ. ಎರಡನ್ನೂ ತಿನ್ನುವ ಪುಣ್ಯ ನಿಮಗಿರಲಿ.

ಹೇಳುವ ಮಾತು ಸತ್ಯವಾಗಿಯೂ ಇರಲಿ. ನಿಪ್ಪಟ್ಟಿನಲ್ಲಿ ಕಮಟು ವಾಸನೆ ಬಂದರೆ ಎಣ್ಣೆಯೋ ಶೇಂಗಾವೋ ಹಳತಾಗಿದೆ ಎಂದರ್ಥ. ಅದನ್ನು ಊರೆಲ್ಲ ಸಾರುವ ಮೊದಲು ಅಂಗಡಿಯವರಿಗೇ ಮೆಲ್ಲಗೆ ಹೇಳಿ. ತಿದ್ದಿಕೊಳ್ಳುವವರು ತಿದ್ದಿಕೊಳ್ಳುತ್ತಾರೆ. ಪ್ಯಾಕೆಟ್ಟಿನ ತಿಂಡಿ ತಂದರೆ ಹಿಂಬದಿ ಓದಿ. ಸಾಮಗ್ರಿಗಳನ್ನು ಹೆಚ್ಚು ತೂಕದ್ದು ಮೊದಲು, ಕಡಿಮೆಯದು ಕೊನೆಗೆ ಎಂಬ ಕ್ರಮದಲ್ಲೇ ಬರೆಯಬೇಕೆಂಬ ನಿಯಮವಿದೆ. ಹುಣಸೆ ಚಟ್ನಿಯ ಬಾಟಲಿಯಲ್ಲಿ ಸಕ್ಕರೆಯ ಹೆಸರು ಮೊದಲಿದ್ದರೆ ನೀವು ಕೊಂಡದ್ದು ಏನೆಂದು ಗೊತ್ತಾಗುತ್ತದೆ. 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಚಟ್ನಿಪುಡಿ ಹಂಚುವಾಗ ಶೇಂಗಾ ಇದೆ, ಎಳ್ಳು ಇದೆ ಎಂದು ಮೊದಲೇ ಹೇಳಿ. ಒಗ್ಗದವರಿಗೆ ಅದು ಪ್ರಾಣದ ಪ್ರಶ್ನೆಯಾಗಬಹುದು. ಉಪ್ಪಿನಕಾಯಿಗೆ ಒದ್ದೆ ಚಮಚ ಹಾಕಬೇಡಿ, ನೀರು ಬಿದ್ದ ಕಡೆ ಉಪ್ಪಿನ ಬಲ ಕುಗ್ಗಿ ಬೂಸಲು ಹಿಡಿಯುತ್ತದೆ. ಮತ್ತೆ, ರುಚಿ ಎಂದು ಬಟ್ಟಲುಗಟ್ಟಲೆ ಬಡಿಸಿಕೊಳ್ಳಬೇಡಿ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಮಿಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಸುಮಾರು ಒಂದು ಟೀ ಚಮಚ. ಎಲೆಯ ಮೇಲೆ ಉಪ್ಪಿನಕಾಯಿಗೆ ಹಿರಿಯರು ಕೊಟ್ಟ ಜಾಗ ಎಷ್ಟು ಚಿಕ್ಕದೆಂದು ನೋಡಿದ್ದೀರಲ್ಲ, ಅದೇ ಅದರ ಅಳತೆ.

ಕೊನೆಯದಾಗಿ, ಹುಡುಕಾಟವನ್ನು ಮನೆಯಿಂದಲೇ ಶುರುಮಾಡಿ. ಹೊಸ ಅಂಗಡಿ, ಹೊಸ ಊರು ಎಂದು ಸುತ್ತುವ ನಿಮಗೆ ನಿಮ್ಮ ಅಜ್ಜಿಯ ಗೊಜ್ಜಿನ ಅಳತೆ ಗೊತ್ತಿದೆಯೇ? ಕೇಳಿದರೆ ಅವರು ‘ಕಣ್ಣಂದಾಜು’ ಎಂದೇ ಹೇಳುತ್ತಾರೆ. ಅಲ್ಲಿಗೇ ಬಿಡಬೇಡಿ. ಅವರು ಮಾಡುವಾಗ ಪಕ್ಕದಲ್ಲಿ ನಿಂತು, ಕೈಯಲ್ಲಿ ತೆಗೆದದ್ದನ್ನು ಚಮಚದಲ್ಲಿ ಅಳೆದು ಬರೆದುಕೊಳ್ಳಿ. ಎಷ್ಟು ಹೊತ್ತು ಹುರಿದರು, ಯಾವ ಬಣ್ಣಕ್ಕೆ ಇಳಿಸಿದರು, ಎಷ್ಟು ದಿನ ಇಟ್ಟುಕೊಳ್ಳಬಹುದು, ಎಲ್ಲ ಬರೆಯಿರಿ. ಅದರ ಮೇಲೆ ಅವರ ಹೆಸರು, ಅವರ ತವರಿನ ಹೆಸರು ಬರೆಯಿರಿ. ಪರದೇಶಕ್ಕೆ ಓದಲು, ದುಡಿಯಲು ಹೋಗುವವರಿಗಂತೂ ಕಟ್ಟಿಕೊಟ್ಟ ಡಬ್ಬಿ ತಿಂಗಳಲ್ಲಿ ಖಾಲಿಯಾಗುತ್ತದೆ, ಬರೆದುಕೊಂಡ ಹಾಳೆ ಮಾತ್ರ ಪ್ರತಿ ಸಲವೂ ಹೊಸ ಡಬ್ಬಿ ತುಂಬಿಸುತ್ತದೆ.

ಈ ವಾರವೇ ಒಂದು ಕೆಲಸ ಮಾಡಿ. ನಿಮಗೆ ಇಷ್ಟವಾದ ಒಂದು ತಿನಿಸನ್ನು ಅರ್ಧ ಕಿಲೋ ಹೆಚ್ಚು ಕೊಂಡು ಜೊತೆಯವರಿಗೆ ಹಂಚಿ. ಹಂಚುವಾಗ ಅದರ ಊರು, ಮಾಡಿದವರ ಹೆಸರು, ತಿನ್ನುವ ಬಗೆ ಇಷ್ಟನ್ನೂ ಬಾಯಿ ಬಿಟ್ಟು ಹೇಳಿ. ಮುಂದಿನ ಸಲ ಆ ಅಂಗಡಿಗೆ ಹೋದಾಗ, ನಿಮ್ಮ ಸ್ನೇಹಿತರು ಏನೆಂದರು ಎಂದು ಮಾಡಿದವರಿಗೂ ತಿಳಿಸಿ. ತಿಂದವರ ಮಾತು ಮಾಡಿದವರ ಕಿವಿಗೆ ಬಿದ್ದರೆ ಮಾರನೆಯ ದಿನದ ಹದ ಇನ್ನೂ ಚೆನ್ನಾಗಿರುತ್ತದೆ.